ಇಣುಕುವಿನ ಹೆಸರು ಯಾರದು

ಪರರ ತಪ್ಪು ಹುಡುಕುವುದೇ ಕಸುಬಾದ ಡಿಬಗರ್ ಎಂಬ ಪ್ರೋಗ್ರಾಮಿನಲ್ಲಿ ‘ನಿಲ್ಲು’, ‘ಇಣುಕು’ ಎಂಬ ಎರಡು ಆಜ್ಞೆಗಳಿದ್ದವು. ಸುಳ್ಳೆನಿಸಿದರೂ ಕೇಳಿ. ಹಿರಿಯ ನಿಲ್ಲುವಿನ ಹೆಸರು ಪ್ರೋಗ್ರಾಮಿನಲ್ಲೇ ಕೆತ್ತಿದ್ದು, ಅದನ್ನು ಯಾರೂ ಅಳಿಸುವಂತಿಲ್ಲ. ನಿನ್ನೆ ಮೊನ್ನೆ ಹುಟ್ಟಿದ ಇಣುಕುವಿನದು ಮೆಮೊರಿಯಲ್ಲಿ ಜಾಗ ಕೇಳಿ ಪಡೆದು ಬರೆದದ್ದು.

ಒಂದು ದಿನ ಮೆಮೊರಿ ಗುಡಿಸುವ ಪೊರಕೆ ಬಂದು ಇಣುಕುವಿನ ಹೆಸರು ತೋರಿಸಿತು. “ಇದು ಯಾರದಪ್ಪಾ? ಯಾರದೋ ಅವರೇ ಇದನ್ನು ಕಾಯಬೇಕು, ಕೊನೆಗೆ ಅವರೇ ಅಳಿಸಿ ಜಾಗ ಬಿಡಬೇಕು.”

“ಏನು ಹೇಳಲಿ ಅಣ್ಣಾ?” ಎಂದು ಇಣುಕು ನಿಲ್ಲುವಿನ ಕಿವಿಯಲ್ಲಿ ಪಿಸುಗುಟ್ಟಿತು.

“ನಾನಂತೂ ನನ್ನ ಹೆಸರಿನ ಹೊಣೆ ಹೊತ್ತವನಲ್ಲ ತಮ್ಮಾ. ನಮ್ಮಂಥ ದೊಡ್ಡವರು ಅದನ್ನೆಲ್ಲ ಹೊರುವುದಿಲ್ಲ,” ಎಂದಿತು ನಿಲ್ಲು.

ದೊಡ್ಡವರ ಸಾಲಿಗೆ ಸೇರುವ ಆಸೆಗೆ ಇಣುಕು ಗಂಟಲು ಸರಿಪಡಿಸಿಕೊಂಡು, “ನನ್ನದಲ್ಲ, ಸುಮ್ಮನೆ ಬಳಸುತ್ತೇನೆ,” ಎಂದಿತು.

“ಹಾಗಾದರೆ ಕಸ,” ಎಂದು ಪೊರಕೆ ಆ ಹೆಸರನ್ನು ಗುಡಿಸಿ, ಜಾಗವನ್ನು ಬೇರೆಯವರಿಗೆ ಕೊಟ್ಟಿತು.

ಅಷ್ಟರಲ್ಲಿ ಡಿಬಗರ್ ಬಳಸುವ ಯಜಮಾನ “ಇಣುಕು!” ಎಂದು ಕರೆದ. ಆ ಹೆಸರಿನವರು ಎಲ್ಲೂ ಸಿಗಲಿಲ್ಲ. “ಅಂಥ ಆಜ್ಞೆಯೇ ಇಲ್ಲವಲ್ಲ,” ಎಂದು ಗೊಣಗಿದ.

“ಅಣ್ಣಾ, ನಾನಿದ್ದೇನೆ ಅಂತ ಹೇಳಣ್ಣಾ!” ಎಂದು ಇಣುಕು ಅಂಗಲಾಚಿತು.

ನಿಲ್ಲು ತಿರುಗಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿತು: “ಕ್ಷಮಿಸಿ, ತಾವು ಯಾರು?”