ಬೆರಳು ಏಳುವ ಮುನ್ನ

ಹರಿಹರದಲ್ಲಿ ಹೊಳೆ ದಂಡೆಗೆ ಯೇಸುಮಿತ್ರ ಮೇಷ್ಟ್ರ ಮನೆ. ಒಂದೇ ಕೋಣೆ, ತಗಡಿನ ಸೂರು, ಮೂಲೆಯಲ್ಲಿ ಹಳೆಯ ಸ್ಪೀಕರ್ ಡಬ್ಬ. ಊರವರು ತಮಾಷೆಗೆ ಅದನ್ನು ಆಶ್ರಮ ಅನ್ನುತ್ತಿದ್ದರು.

ಮೂವತ್ತು ವರ್ಷ ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿ ಬಂದ ಮನುಷ್ಯ. ಮಾತು ಕಮ್ಮಿ. ಆಡಿದ್ದರಲ್ಲೂ ಅರ್ಧ ಯಾರಿಗೂ ತಿಳಿಯುತ್ತಿರಲಿಲ್ಲ.

ಅವರಿಗೆ ಉಳಿದಿದ್ದ ಶಿಷ್ಯೆ ಒಬ್ಬಳೇ, ದಾಕ್ಷಾಯಣಿ. ಅವಳು ಕಲಿಯಲು ಹೊರಟಿದ್ದು ಟ್ಯಾಪಿಂಗ್. ಎಡಗೈ ತಂತಿಯನ್ನು ಒತ್ತುವುದು ಎಲ್ಲರಿಗೂ ಗೊತ್ತು. ಇದರಲ್ಲಿ ಬಲಗೈಯೂ ಮೀಟುವುದನ್ನು ಬಿಟ್ಟು ಬಂದು, ಅದೇ ತಂತಿಯನ್ನು ಮೇಲಿನಿಂದ ತಟ್ಟಿ ಏಳಬೇಕು. ಸರಿಯಾಗಿ ಬಂದರೆ ಸ್ವರಗಳು ಕೊಡ ಬಗ್ಗಿಸಿದ ನೀರಿನ ಹಾಗೆ ಒಂದೇ ಸಮ ಸುರಿಯುತ್ತವೆ.

ಅವಳಿಗೆ ಸುರಿಯುತ್ತಿರಲಿಲ್ಲ.

ದಾವಣಗೆರೆಯ ಆರ್ಕೆಸ್ಟ್ರಾ ತಂಡದವರು ಎರಡು ಸಲ ಕೇಳಿ, ಎರಡು ಸಲವೂ ವಾಪಸ್ ಕಳಿಸಿದ್ದರು. ಎರಡು ಸಲವೂ ಒಂದೇ ಮಾತು: ನಡುವೆ ನಾದ ಕಡಿಯುತ್ತದೆ. ಬರುವ ಭಾನುವಾರ ಮೂರನೆಯ ಸಲ. ನಾಲ್ಕನೆಯದು ಇಲ್ಲ ಅಂತ ಖಡಾಖಂಡಿತ ಹೇಳಿಬಿಟ್ಟಿದ್ದರು.

ಹುಡುಗಿ ಊಟ ನಿದ್ದೆ ಬಿಟ್ಟು ತಟ್ಟಿದಳು. ತೋರುಬೆರಳಿನಲ್ಲಿ ಬೊಬ್ಬೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ವೇಗ ಬಂತು. ನಾದ ಮಾತ್ರ ಕಡಿಯುವಲ್ಲೇ ಕಡಿಯಿತು. ಬುಧವಾರ ಮೇಷ್ಟ್ರ ಮುಂದೆ ಕೂತು ಅತ್ತೇಬಿಟ್ಟಳು.

ಅವರು ಅಳು ಮುಗಿಯಲು ಬಿಟ್ಟರು. ಆಮೇಲೆ ಕೇಳಿದರು, "ಯಾವ ಕೈಗೆ ಪಾಠ ಮಾಡ್ತಿದ್ದೀಯ?"

ಅವಳು ಬೊಬ್ಬೆ ಎದ್ದ ಬಲಗೈಯನ್ನು ಮುಂದೆ ಚಾಚಿದಳು.

"ಅದು ತಟ್ಟುವಾಗ ಎಡಗೈ ಎಲ್ಲಿರುತ್ತೆ?"

"ಅಲ್ಲೇ ಇರುತ್ತೆ, ಮೇಷ್ಟ್ರೇ."

"ಯಾವಾಗಿಂದ?"

ಇದೆಂಥ ಪ್ರಶ್ನೆ ಅಂತ ದಾಕ್ಷಾಯಣಿ ಕಣ್ಣು ಬಿಟ್ಟಳು. ಮೇಷ್ಟ್ರು ಎದ್ದು ಚೀಲ ಕೊಡವಿದರು. ನಾಳೆ ಗಿಟಾರ್ ತರಬೇಡ, ಆಚೆ ದಡಕ್ಕೆ ಹೋಗಿ ಬದನೆಕಾಯಿ ತರೋಣ ಅಂದರು.

ಇರುವುದು ನಾಲ್ಕು ದಿನ, ಇವರಿಗೆ ಬದನೆಕಾಯಿ! ಮೈಯೆಲ್ಲ ಉರಿದರೂ ಹೋದಳು. ಗುರು ಅಂದ ಮೇಲೆ ಇನ್ನೇನು ಮಾಡುವುದು?

ದುಂಡನೆಯ ಹರಿಗೋಲು. ಹುಟ್ಟು ಹಾಕುವವನು ದುರ್ಗಪ್ಪ. ಆಚೆ ದಡದಲ್ಲಿ ಅವನ ಹೆಂಡತಿ ಹನುಮಕ್ಕ ನಿಂತಿರುತ್ತಾಳೆ. ಅವಳು ಬಂದು ಹರಿಗೋಲಿನ ಅಂಚು ಹಿಡಿಯುವವರೆಗೆ ಯಾರೂ ಏಳಕೂಡದು. ಅದು ಅಲ್ಲಿಯ ರೂಢಿ.

ದಡ ಇನ್ನೂ ಒಂದು ಮಾರು ದೂರವಿತ್ತು. ಹನುಮಕ್ಕ ಸೆರಗು ಸಿಕ್ಕಿಸಿಕೊಂಡು ಇಳಿದು ಬರುತ್ತಿದ್ದಳು. ದಾಕ್ಷಾಯಣಿಗೆ ಅಷ್ಟು ತಾಳ್ಮೆ ಎಲ್ಲಿ? ಎದ್ದವಳೇ ಅಂಚಿಗೆ ಕಾಲು ಕೊಟ್ಟು ಹಾರಿದಳು.

ಹರಿಗೋಲು ಹಿಂದಕ್ಕೆ ಜಾರಿತು. ಅವಳು ದಡಕ್ಕೂ ಸಿಗಲಿಲ್ಲ, ಹರಿಗೋಲಿಗೂ ಸಿಗಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ದೊಪ್ಪನೆ ಕೂತಳು.

"ಆತುರಗಾರನಿಗೆ ಬುದ್ಧಿ ಮಟ್ಟ," ಅಂದ ದುರ್ಗಪ್ಪ, ನಗುತ್ತಾ.

ಹನುಮಕ್ಕನೂ ನಕ್ಕಳು. ಮೇಷ್ಟ್ರು ನಗಲಿಲ್ಲ, ಕೈಯನ್ನೂ ಕೊಡಲಿಲ್ಲ. ಹನುಮಕ್ಕ ಬಂದು ಅಂಚನ್ನು ದಡಕ್ಕೆಳೆದು ಗಟ್ಟಿಯಾಗಿ ಹಿಡಿದ ಮೇಲೆ, ಮಂಡಿನೋವಿನ ಆ ಮುದುಕ ಮನೆ ಹೊಸಿಲು ದಾಟಿದ ಹಾಗೆ ದಡಕ್ಕೆ ಇಳಿದರು. ಚಪ್ಪಲಿ ಕೂಡ ಒದ್ದೆಯಾಗಲಿಲ್ಲ.

ದಾಕ್ಷಾಯಣಿ ತೊಟ್ಟಿಕ್ಕುತ್ತಾ ಎದ್ದು ಬಂದಳು. ನಾಚಿಕೆಯೂ ಕೋಪವೂ ಒಟ್ಟಿಗೇ ಬಂದಿದ್ದವು.

"ನಾನು ಏಳುವಾಗ ಹನುಮಕ್ಕನ ಕೈ ಎಲ್ಲಿತ್ತು?" ಅಂತ ಕೇಳಿದರು ಮೇಷ್ಟ್ರು.

"ಅಂಚಿನ ಮೇಲೆ."

"ಯಾವಾಗಿಂದ?"

ಅವಳು ತಿರುಗಿ, ಇನ್ನೂ ಅಂಚು ಹಿಡಿದೇ ಇದ್ದ ಹನುಮಕ್ಕನ ಕೈ ನೋಡಿದಳು. ನೋಡುನೋಡುತ್ತಾ ಕೋಪ ಎಲ್ಲೋ ಹೋಯಿತು.

ಬದನೆಕಾಯಿ ಕೊಂಡು ಮರಳುವಾಗ ದಾರಿಯುದ್ದಕ್ಕೂ ತನ್ನ ಎಡಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅದನ್ನು ಯಾರೋ ಹೊಸದಾಗಿ ಕೊಟ್ಟರೇನೋ ಎಂಬಂತೆ.

ಮನೆಗೆ ಹೋಗಿ ಬಟ್ಟೆ ಬದಲಿಸಿ, ಗಿಟಾರ್ ಹೊತ್ತು ಓಡಿ ಬಂದಳು. ಮೊದಲು ಎಡಬೆರಳನ್ನು ತಂತಿಯ ಮೇಲೆ ಒತ್ತಿ ಕೂರಿಸಿದಳು. ಅದು ಅಲ್ಲಿದ್ದ ಮೇಲೇ ಬಲಬೆರಳಿನಿಂದ ತಟ್ಟಿದಳು. ತಟ್ಟಿ, ಸಣ್ಣಗೆ ಮೀಟಿ ಬೆರಳೆತ್ತಿದಳು. ಬಲಬೆರಳು ಬಿಟ್ಟ ನಾದವನ್ನು ಕಾದು ಕೂತಿದ್ದ ಎಡಬೆರಳು ಹಾಗೇ ಹಿಡಿದುಕೊಂಡಿತು.

ಕಡಿಯಲಿಲ್ಲ.

ಇಷ್ಟು ದಿನ ಎಡಬೆರಳು ಬರುತ್ತಿದ್ದುದೇ ಬಲಬೆರಳು ಎದ್ದು ಹೋದ ಮೇಲೆ! ಇನ್ನೊಮ್ಮೆ ನುಡಿಸಿದಳು, ಮತ್ತೂ ನಿಧಾನವಾಗಿ. ಆಗಲೂ ಕಡಿಯಲಿಲ್ಲ. ಮೇಷ್ಟ್ರು ತಲೆ ಎತ್ತದೆ ಬದನೆಕಾಯಿ ಹೆಚ್ಚುತ್ತಿದ್ದರು.

ಭಾನುವಾರ ತಂಡದವರ ಮುಂದೆ ನುಡಿಸುವಾಗ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ದಾಕ್ಷಾಯಣಿ ಎರಡು ಸಲ ಅವರ ಮುಖ ನೋಡಿಕೊಂಡಳು. ನಾದ ಒಂದೇ ಸಮ ಹರಿಯಿತು. ತಂಡದವರು ಆಗಲೇ ಹೂಂ ಅಂದರು. ಶುಕ್ರವಾರ ಹೊರಡಬೇಕು, ಎರಡು ತಿಂಗಳು ಊರೂರು ತಿರುಗಾಟ.

ಶುಕ್ರವಾರ ಬೆಳಗ್ಗೆ ಗಿಟಾರ್ ಬೆನ್ನಿಗೇರಿಸಿಕೊಂಡು ಬಂದು ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡಿದಳು. ಗಾಡಿ ಬರುವ ಹೊತ್ತಾಗಿತ್ತು. ಆದರೂ ಹೊಸಿಲಲ್ಲೇ ಕೂತುಬಿಟ್ಟಳು. ಒಂದು ಲೋಟ ನೀರು ಕೇಳಿದಳು, ಕುಡಿದಳು, ಮತ್ತೂ ಏಳಲಿಲ್ಲ.

ಕೊನೆಗೆ ಮನಸ್ಸಿನಲ್ಲಿದ್ದುದು ಹೊರಬಂತು. "ಅಲ್ಲಿ ನೀವು ಇರಲ್ಲ, ಮೇಷ್ಟ್ರೇ. ಅಷ್ಟು ಜನದ ಮುಂದೆ ನಡುವೆ ಕಡಿದುಹೋದರೆ?"

ಮೇಷ್ಟ್ರು ಅವಳ ಕೈಯಿಂದ ಖಾಲಿ ಲೋಟ ತೆಗೆದುಕೊಂಡರು.

"ನಿನ್ನ ಹಿಂದೆ ನಾನು ಎಡಬೆರಳಿಟ್ಟು ಬಹಳ ದಿನ ಆಯ್ತು ದಾಕ್ಷಿ. ಏಳದೆ ಕೂತಿರೋಳು ನೀನು."