ಆಮೆಗೆ ಹಣೆಯಿಟ್ಟ ಶಿಲ್ಪಿ

ಬಂಡೆಹಟ್ಟಿಯ ಗುಡ್ಡದ ಬುಡದ ತಮ್ಮ ಆಶ್ರಮದಲ್ಲಿ, ಹೊಂಗೆಮರದ ನೆರಳಲ್ಲಿ, ಪೂಜ್ಯ ಅಡವಪ್ಪ ತಾತನವರು ಕಲ್ಲಿನ ಆಮೆಗಳನ್ನು ಮಾಡುತ್ತ ಕುಳಿತಿರುತ್ತಿದ್ದರು. ಪೀಠವಿಲ್ಲ, ಪಾದಪೂಜೆಯಿಲ್ಲ, ಕೆಳಗೊಂದು ಗೋಣಿಚೀಲ, ಕೈಯಲ್ಲೊಂದು ಮೊಂಡು ಉಳಿ. ದೇವರ ಮೂರ್ತಿಗೆ ಬಾರದೆಂದು ಊರಿನ ಶಿಲ್ಪಿಗಳು ಎಸೆದ ಕಲ್ಲುಗಳನ್ನೇ ತರಿಸಿಕೊಳ್ಳುತ್ತಿದ್ದರು. ಗುಂಡಗಿದ್ದ ಕಲ್ಲಿಗೆ ಕತ್ತೊಂದು ಬಿಡಿಸಿ, ಬೆನ್ನಿಗೆ ನಾಲ್ಕು ಗೀರು ಎಳೆದರೆ ಅದು ಆಮೆ. ಕಪ್ಪೆ, ಗೂಬೆ, ಹಕ್ಕಿಗೆ ನೀರಿಡುವ ಬೋಗುಣಿ, ಎಲ್ಲವೂ ಹೀಗೆಯೇ. ಗಿಡ ನೆಟ್ಟು ಬಂದೆನೆಂದು ಹೇಳಿದವರಿಗೆ ಆ ಗಿಡದ ಬುಡಕ್ಕೆ ಇಡಲು ಒಂದು ಬೊಂಬೆ ಕೊಡುತ್ತಿದ್ದರು. ನಿಜವಾಗಿ ನೆಟ್ಟರೋ ಇಲ್ಲವೋ ಎಂದು ಒಮ್ಮೆಯೂ ವಿಚಾರಿಸಿದವರಲ್ಲ. ಆಶ್ರಮದ ತೋಟಕ್ಕೆ ನೀರು ಹಾಯಿಸುತ್ತಿದ್ದ ನಾನು ಮಾತ್ರ ಸೈಕಲ್ ಹತ್ತಿ ಹೋಗಿ ನೋಡಿ ಬರುತ್ತಿದ್ದೆ. ನನ್ನದು ಹುಟ್ಟಾ ಸಂಶಯದ ಬುದ್ಧಿ, ಮುಚ್ಚಿಡುವುದೇಕೆ.

ಆ ವರ್ಷ ಪಕ್ಕದ ಹಿರೇಗುಂಟೆ ಊರಿನವರು ಹೊಸ ಗುಡಿಗೆ ಚೌಡಮ್ಮನ ಮೂರ್ತಿ ಮಾಡಿಸಿದರು. ಕೆತ್ತಿದವರು ನಮ್ಮೂರಿನ ನಾಗಲಿಂಗಾಚಾರ್, ನಲವತ್ತು ವರ್ಷ ಉಳಿ ಹಿಡಿದವರು. ಗುಡಿಗೆ ಹೋಗುವ ಮುನ್ನ ಮೂರ್ತಿ ಒಂದು ವಾರ ಆಶ್ರಮದ ಚಪ್ಪರದಲ್ಲಿರುವುದು ನಮ್ಮಲ್ಲಿ ವಾಡಿಕೆ. ಮೂರ್ತಿಯನ್ನು ಇಳಿಸಿದ ದಿನ ತಾತನವರು ಅದನ್ನು ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿದರು. ಏನೂ ಹೇಳದೆ ಹೋಗಿ ಗೋಣಿಚೀಲದ ಮೇಲೆ ಕುಳಿತರು.

ಕಲ್ಲಿನ ಕಸುಬಿನಲ್ಲಿ ಹೀಗೆ ತಟ್ಟುವುದೆಂದರೆ ಸಣ್ಣ ಸಂಗತಿಯಲ್ಲ. ಗಂಟೆಯಂತೆ ನುಡಿದರೆ ಗಂಡುಕಲ್ಲು, ತಾಳದಂತೆ ನುಡಿದರೆ ಹೆಣ್ಣುಕಲ್ಲು. ಅಮ್ಮನವರಿಗೆ ಹೆಣ್ಣುಕಲ್ಲೇ ಆಗಬೇಕು. ಒಡೆದ ಮಡಕೆಯ ಸದ್ದು ಬಂತೋ, ಒಳಗೆ ಸೀಳಿದೆ ಎಂದರ್ಥ. ಅಂಥ ಮೂರ್ತಿಯನ್ನು ಪ್ರತಿಷ್ಠೆ ಮಾಡುವಂತಿಲ್ಲ, ಮಾಡಿದ ಶಿಲ್ಪಿಯನ್ನು ಮತ್ತೊಬ್ಬರು ಕರೆಯುವುದೂ ಇಲ್ಲ.

ತಾತನವರು ತಟ್ಟಿದ ಸುದ್ದಿಯನ್ನು ಯಾರೋ ಆಚಾರ್ ಮನೆಗೆ ಮುಟ್ಟಿಸಿದರು. ಮೂರನೆಯ ದಿನ ಬೆಳಿಗ್ಗೆ ಅವರು ಬಂದೇಬಿಟ್ಟರು. ಕೈಯಲ್ಲಿ ಸುತ್ತಿಗೆ ಬೇರೆ. ಇವರು ಆಮೆಗಳನ್ನು ಒಡೆಯಲು ಬಂದಿದ್ದಾರೋ ತಲೆಯನ್ನೋ ಎಂದು ನಾನು ಸಲಿಕೆ ಹಿಡಿದು ಹತ್ತಿರ ಹೋಗಿ ನಿಂತೆ. ಮನುಷ್ಯ ನಮಸ್ಕಾರ ಮಾಡಲಿಲ್ಲ. ಒಮ್ಮೆ ತಾತನವರ ಬಾಯಿಯನ್ನು, ಒಮ್ಮೆ ನನ್ನ ಬಾಯಿಯನ್ನು ದಿಟ್ಟಿಸಿ ನೋಡುತ್ತಿದ್ದರು. ನಮ್ಮ ಒಂದೊಂದು ಮಾತಿನ ಮೇಲೂ ಇವರಿಗೆ ಅನುಮಾನ ಎಂದುಕೊಂಡೆ.

“ನನ್ನ ಮೂರ್ತೀನ ತಟ್ಟಿ ನೋಡಿದ್ರಂತೆ, ಸುಮ್ಮನೆ ಎದ್ದು ಹೋದ್ರಂತೆ. ಹಿರೇಗುಂಟೆಯವರಿಗೆ ಏನು ಹೇಳಿ ಕಳಿಸಿದ್ರಿ ತಾತ?” ಎಂದರು ಆಚಾರ್.

ತಾತನವರು ತಲೆಯೆತ್ತಿ ನಕ್ಕರು, ಅಷ್ಟೇ.

“ನಗಬೇಡಿ. ನಾನು ಬಿಸಾಕಿದ ಕಲ್ಲಲ್ಲಿ ಆಮೆ ಮಾಡಿ ಊರಿಗೆಲ್ಲ ಹಂಚ್ತೀರಿ. ಈಗ ನನ್ನ ಹೆಸರನ್ನೂ ಬಿಸಾಕೋ ಯೋಚನೆಯೋ?”

ನನಗೆ ಮೈ ಉರಿಯಿತು. ತಾತನವರು ಮಾತ್ರ ಎರಡು ಆಮೆಗಳನ್ನು ಮುಂದೆ ಎಳೆದುಕೊಂಡು ಒಂದನ್ನು ತಟ್ಟಿದರು, ಇನ್ನೊಂದನ್ನು ತಟ್ಟಿದರು. “ಯಾವುದು ಸೀಳಿದೆ ಹೇಳಪ್ಪ” ಎಂದರು. ಮೊದಲನೆಯದು ಖಣಿಲೆಂದಿತ್ತು, ಎರಡನೆಯದು ಟಪ್ಪೆಂದಿತ್ತು. ಕಲ್ಲಿನ ಗಂಧಗಾಳಿಯಿಲ್ಲದ ನನಗೂ ಗೊತ್ತಾಯಿತು. ಆಚಾರ್ ಎರಡನ್ನೂ ಬಹಳ ಹೊತ್ತು ನೋಡಿ, ಗಟ್ಟಿಯಾಗಿದ್ದ ಮೊದಲನೆಯದನ್ನೇ ತೋರಿಸಿದರು.

ಆಗ ತಾತನವರು ಎದ್ದು, ಅವರಿಗೆ ಬೆನ್ನು ಮಾಡಿ ನಿಂತು, ಎಂದಿನ ದನಿಯಲ್ಲೇ ಕೇಳಿದರು: “ನಾಗಲಿಂಗಾ, ಕಿವಿ ಹೋಗಿ ಎಷ್ಟು ದಿನ ಆಯ್ತಪ್ಪ?”

 ಆಚಾರ್ ತಾತನವರು ಇನ್ನೂ ಏನೂ ಕೇಳಿಲ್ಲವೆಂಬಂತೆ ಕಾಯುತ್ತ ನಿಂತಿದ್ದರು.  ತಾತನವರು ಈ ಕಡೆ ತಿರುಗಿ ಅದೇ ಮಾತನ್ನು ಮತ್ತೆ ಕೇಳಿದಾಗ, ಆ ತುಟಿಗಳನ್ನು ಓದಿದ ಆಚಾರ್ ಮುಖ ಬಿಳುಚಿಕೊಂಡಿತು. ತಾತನವರನ್ನು ಬಿಟ್ಟು ನನ್ನನ್ನು ನೋಡಿದರು. ಇವನು ಊರೆಲ್ಲ ಹೇಳಿಕೊಂಡು ಬರುತ್ತಾನೆ ಎಂಬ ಭಯ ಆ ಕಣ್ಣಲ್ಲಿತ್ತು. ಪಾಪ ಅನ್ನಿಸಿತು, ನಿಜ ಹೇಳುತ್ತೇನೆ.

“ಎರಡು ವರ್ಷ,” ಎಂದರು ಕಡೆಗೆ. “ಹೆಂಡತಿಗೂ ಹೇಳಿಲ್ಲ. ಕಿವುಡ ಅಂತ ಗೊತ್ತಾದರೆ ನನ್ನ ಕೈಗೆ ಕಲ್ಲು ಯಾರು ಕೊಡ್ತಾರೆ ತಾತ?”

ತಾತನವರು ಗಟ್ಟಿಯಾಗಿದ್ದ ಆಮೆಯನ್ನು ತೋರಿಸಿದರು. “ಇದಕ್ಕೆ ಹಣೆ ಇಡು.”

“ಆಮೆಗೆ ನಾನು ಅಡ್ಡಬೀಳಬೇಕಾ? ಇವನ ಎದುರಿಗೆ?” ಇದರಲ್ಲೂ ಏನೋ ಅವಮಾನದ ಹುನ್ನಾರ ಇದೆಯೆಂದೇ ಆಚಾರ್ ಎಣಿಸಿದ್ದು.

 ಎಂಬತ್ತು ದಾಟಿದ ತಾತನವರು ತಾವೇ ಮಣ್ಣಲ್ಲಿ ಮಂಡಿಯೂರಿ, ಆ ಆಮೆಯ ಬೆನ್ನಿಗೆ ಹಣೆ ಮುಟ್ಟಿಸಿ ತೋರಿಸಿದರು. ಅದನ್ನು ಕಂಡ ಮೇಲೆ ಆಚಾರ್‌ಗೆ ನಿಂತಿರಲು ಆಗಲಿಲ್ಲ. ಬಗ್ಗಿದರು. ತಾತನವರು ಕಲ್ಲನ್ನು ತಟ್ಟಿದರು.

ಆಚಾರ್ ಮೈ ಝಲ್ಲೆಂದದ್ದು ನನಗೆ ಕಂಡಿತು. ಕಿವಿಯ ದಾರಿ ಮುಚ್ಚಿದ್ದರೂ ಹಣೆಯ ಮೂಳೆಯ ದಾರಿ ಮುಚ್ಚಿರಲಿಲ್ಲ. “ಇನ್ನೊಂದು ಸಲ,” ಎಂದರು. ತಾತನವರು ಮತ್ತೆ ತಟ್ಟಿದರು, ಸೀಳಿದ ಆಮೆಯನ್ನೂ ತಟ್ಟಿ ಕೇಳಿಸಿದರು. ಆ ಮನುಷ್ಯ ಎರಡನ್ನೂ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಅತ್ತಾದ ಮೇಲೆ ತಾವೇ ಎದ್ದು ಚಪ್ಪರಕ್ಕೆ ನಡೆದರು. ಚೌಡಮ್ಮನ ಪಾದಕ್ಕೆ ಹಣೆಯಿಟ್ಟು ಮೂರು ಕಡೆ ತಟ್ಟಿದರು. ಅಮ್ಮನ ಎಡಮಂಡಿಯ ಹತ್ತಿರ ತಟ್ಟಿದವರು ತಲೆಯೆತ್ತಲೇ ಇಲ್ಲ. ಕಡೆಗೆ ತಾತನವರತ್ತ ತಿರುಗಿ, “ಇದು ಪೂಜೆಗೆ ಆಗೋದಿಲ್ಲ. ನಿಮಗೆ ಅವತ್ತೇ ಗೊತ್ತಿತ್ತಲ್ಲ, ಯಾಕೆ ಯಾರಿಗೂ ಹೇಳಲಿಲ್ಲ?” ಎಂದು ಕೇಳಿದರು.

“ಮೂರ್ತಿ ನಿಂದು. ಮಾತೂ ನೀನೇ ಆಡಬೇಕು” ಎಂದರು ತಾತನವರು.

ಶುಕ್ರವಾರ ಹಿರೇಗುಂಟೆಯ ಹಿರಿಯ ಮಲ್ಲೇಗೌಡರು ನಾಲ್ಕು ಜನರೊಂದಿಗೆ ಹೂವು, ಹಣ್ಣು ಹಿಡಿದು ಮೂರ್ತಿ ಒಯ್ಯಲು ಬಂದರು. ಆಚಾರ್ ಹೆದರಿ ಬರುವುದಿಲ್ಲ ಎಂದೇ ನಾನು ಲೆಕ್ಕ ಹಾಕಿದ್ದೆ. ಅವರು ಗೌಡರಿಗಿಂತ ಮೊದಲೇ ಬಂದು ಚಪ್ಪರದ ಬಾಗಿಲಲ್ಲಿ ನಿಂತಿದ್ದರು. “ಗೌಡ್ರೇ, ಈ ಮೂರ್ತಿ ಒಳಗೆ ಸೀಳಿದೆ. ನನಗೆ ಎರಡು ವರ್ಷದಿಂದ ಕಿವಿ ಕೇಳೋದಿಲ್ಲ. ಮುಚ್ಚಿಟ್ಟು ಕಲ್ಲು ಆರಿಸಿದೆ. ತಪ್ಪು ನಂದು” ಎಂದು ಕೈಮುಗಿದರು.

ಬಂದವರು ಮುಖ ಮುಖ ನೋಡಿಕೊಂಡರು. ಗೌಡರು ನೆಲ ನೋಡುತ್ತ ಮೆಲ್ಲಗೆ ಏನೋ ಅಂದರು. ಒಂದು ವಾರದ ಹಿಂದಿನ ಆಚಾರ್ ಆಗಿದ್ದರೆ, ತಮ್ಮನ್ನೇ ಬೈದರು ಎಂದುಕೊಂಡು ಹೊರಟುಬಿಡುತ್ತಿದ್ದರು. ಈಗ ಹತ್ತಿರ ಹೋಗಿ, ಎಲ್ಲರ ಎದುರಿಗೆ ಕಿವಿಗೆ ಕೈ ಅಡ್ಡ ಹಿಡಿದು, “ಕೇಳಿಸಲಿಲ್ಲ ಗೌಡ್ರೇ, ಸ್ವಲ್ಪ ಜೋರಾಗಿ ಹೇಳಿ” ಎಂದರು.

ಗೌಡರು ಗಂಟಲೆತ್ತಿ ಕೂಗಿದರು: “ಅಮ್ಮನಿಗೆ ಬೇರೆ ಕಲ್ಲು ನೋಡೋಕೆ ಯಾವತ್ತು ಹೋಗೋಣ ಅಂದೆ ಆಚಾರ್ರೇ!”