ಕೊಪ್ಪೆಮ್ಮನ ಹೆಸರು ಕೂಗಿದ ಸೊಸೆ

ನಮ್ಮ ಗುಡ್ಡದ ಹೆಸರು ಕದ್ದಿದ್ದರು, ಕೂಸೇ. ಹಾಡಹಗಲಲ್ಲೇ ಕದ್ದರು, ನಮ್ಮೋರು ಬಾಯಿ ಮುಚ್ಕೊಂಡು ನಿಂತಿದ್ದರು. ಕೇಳಿ ಮಲಗು.

ಒಂದಾನೊಂದು ಕಾಲ ಅಂತೀವಲ್ಲ, ಅದಕ್ಕೂ ಹಿಂದೆ, ಕುರಿ ಕಾಯೋರ ಊರಿನ ಬೆನ್ನಿಗೆ ಒಂದು ಕರಿಕಲ್ಲಿನ ಗುಡ್ಡ ಇತ್ತಂತೆ. ಭೂಮಿ ಹೊಟ್ಟೇಲಿ ಕುದ್ದ ಬೆಂಕಿ ಅಂಬಲಿ ಉಕ್ಕಿದ ಹಾಗೆ ಮೇಲೆ ಉಕ್ಕಿ, ಆರಿ ಕಲ್ಲಾಯ್ತಂತೆ, ಗುಳ್ಳೆ ಎದ್ದ ಕಡೆಯೆಲ್ಲ ತೂತಂತೆ. ಪಡುವಣ ಗಾಳಿ ಬಂದು, ಅದಕ್ಕೆ ಬಡಿದು ಮೇಲೇರಿ, ತಣ್ಣಗಾಗಿ ಮೋಡ ಆಗ್ತಿತ್ತಂತೆ. ಮಳೇಲಿ ನಾವು ತಲೆಗೆ ಕಂಬಳಿ ಕೊಪ್ಪೆ ಹಾಕ್ಕೊಳ್ತೀವಲ್ಲ, ಹಾಗೇ ಆ ಮೋಡ ತುದಿ ಮೇಲೆ ಕೂರೋದು. ಅದಕ್ಕೇ ಕೊಪ್ಪೆಮ್ಮ ಅಂತ ಹೆಸರು. ಆದ್ರೆ ಆ ಹೆಸರು ಯಾರೂ ಬಾಯಿಬಿಟ್ಟು ಅನ್ನೋ ಹಾಗಿಲ್ಲ. ಹೆಂಡತಿ ಗಂಡನ ಹೆಸರು ಹೇಳಲ್ಲ ನೋಡು, ಹಾಗೆ. ಮರ್ಯಾದೆ!

ಆಮೇಲೆ ಒಬ್ಬ ದೊರೆ ಬಂದು ಇದರ ಹೆಸರೇನ್ರೋ ಅಂದ. ಊರಿಗೆ ಊರೇ ತಲೆ ತಗ್ಗಿಸಿ ಕೈ ಮುಗೀತಂತೆ. ಹೆಸರಿಲ್ಲದ್ದಕ್ಕೆ ಒಡೆಯನೂ ಇಲ್ಲ ಅಂತ ದೊರೆ ತನ್ನ ಹೆಸರನ್ನೇ ಇಟ್ಟು, ನನ್ನ ಗುಡ್ಡದ ಹುಲ್ಲು ನಿಮ್ಮ ಕುರಿ ಮುಟ್ಟಬಾರದು ಅಂದನಂತೆ. ಕುರಿಗಳ ಪಕ್ಕೆಲುಬು ಕಾಣೋ ಹಾಗಾಯ್ತು.

ಆಮೇಲೆ ಮಾಳವ್ವ ಅನ್ನೋಳ ಮೂವರು ಗಂಡುಮಕ್ಕಳು ದೊರೆ ಹತ್ರ ಹೋದ್ರಂತೆ, ಹಿಂದೆ ಮಾಳವ್ವ, ಊರೋರೆಲ್ಲ. ದೊಡ್ಡೋನು, ಹೆಸರಿದೆ ಒಡೆಯಾ, ಹೇಳೋ ಹಾಗಿಲ್ಲ ಅಂದ. ಹೇಳದ ಹೆಸರು ಇದ್ರೆಷ್ಟು ಬಿಟ್ರೆಷ್ಟು ಅಂದ ದೊರೆ. ನಡುವಿನೋನು, ಈ ಗುಡ್ಡ ನಮ್ಮ ಹಿರಿಯಮ್ಮ ಅಂದ. ನಮ್ಮನೇಲೂ ಒಬ್ಬಳಿದ್ದಾಳೆ, ಹಲ್ಲಿಲ್ಲ ಅಂತ ದೊರೆ ನಕ್ಕ. ಕಿರಿಯೋನು ಗುಡ್ಡಕ್ಕೆ ಕೈ ಮುಗಿದು ಅಣ್ಣಂದಿರ ಬೆನ್ನ ಹಿಂದೆ ಸರಿದ. ಆಗ ಅವನ ಹೆಂಡತಿ ಲಕುಮವ್ವ ಹಿಂದಿನಿಂದ ನುಗ್ಗಿ ಬಂದು, ಕೊಪ್ಪೆಮ್ಮಾ! ಅಂತ ಕೂಗಿಬಿಟ್ಟಳಂತೆ.

ನಿನ್ನ ಬಾಯಿ ಬಿದ್ದು ಹೋಗ! ಅಂತ ಮಾಳವ್ವ ಹಣೆ ಚಚ್ಚಿಕೊಂಡಳು. ಲಕುಮವ್ವ ತಿರುಗಿ, ಅತ್ತೇ, ನಿಮ್ಮ ಮರ್ಯಾದೆನ ಕುರಿ ಮೇಯತ್ತಾ? ಅಂದಳಂತೆ.

ಕೊಪ್ಪೆ ಎಲ್ಲೇ, ಗುಡ್ಡದ ಬೋಳುತಲೆ ಕಾಣ್ತಿದೆಯಲ್ಲ ಅಂದ ದೊರೆ. ಪಡುವಣ ಗಾಳಿ ಎದ್ದಿದೆ, ಕೂತು ನೋಡಿ ಅಂದಳು. ಕೂತ. ಆಮೇಲೆ ಮೋಡ ಬಂತು, ತುದಿ ಮುಚ್ಚಿತು, ದಬದಬ ಮಳೆ ಹೊಡೀತು. ದೊರೆ ಗಡಗಡ ನಡುಗ್ತಾ ಒಂದು ಕಂಬಳಿ ಕೊಡೇ ತಾಯೀ ಅಂದನಂತೆ. ಕೊಡ್ತೀನಿ, ಇದು ಯಾರ ಮಳೆ ಹೇಳಿ ಅಂದಳು. ಹಲ್ಲು ಕಟಕಟ ಅಂತಿದ್ದರೂ ಕೊ, ಕೊ, ಕೊಪ್ಪೆಮ್ಮಂದು ಅಂತ ದೊರೆ ಬಾಯಿಂದಲೇ ಬಂತಂತೆ! ಊರೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಮಾಳವ್ವ ಕೊಪ್ಪೆಮ್ಮಾ ಅಂತ ಕೂಗಿದಳಂತೆ. ಗುಡ್ಡ ಓಗೊಟ್ಟಿತು. ದೊರೆ ಕಂಬಳಿ ಹೊದ್ದು, ತನ್ನ ಹೆಸರು ತಗೊಂಡು ಹೊರಟುಹೋದ. ಕುರಿಗಳು ಗುಡ್ಡ ಹತ್ತಿದವು, ಹೊಟ್ಟೆ ತುಂಬ ಮೇದವು, ಊರು ಸುಖವಾಗಿತ್ತು.

ಕತೆ ಮುಗೀತು ಕೂಸೇ, ಕಳ್ಳರು ಮುಗಿದಿಲ್ಲ. ನಾಳೆ ಮತ್ತೊಬ್ಬ ಬಂದು ಇದರ ಹೆಸರೇನು ಅಂತ ಕೇಳ್ತಾನೆ. ತಲೆ ತಗ್ಗಿಸಬೇಡ. ಎಲ್ಲಿ, ಕಣ್ಣು ಮುಚ್ಚೋ ಮುಂಚೆ ಗುಡ್ಡಕ್ಕೆ ಕೇಳೋ ಹಾಗೆ ಅದರ ಹೆಸರು ಒಂದ್ಸಲ ಕೂಗು.